ಹರಕೆ ಕೋಳಿಗಳ ಹಿತ್ತಲಿಗೆ ಬಂದ ಟರ್ಕಿಗಳು

1944ರ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಎರಡನೆಯ ವಾರದೊಳಗೆ ನಮ್ಮ ಮನೆಯ ಹಿತ್ತಲಿನಲ್ಲಿ ಇಪ್ಪತ್ತಮೂರು ಟರ್ಕಿ ಕೋಳಿಗಳು ಸತ್ತವು. ಅದೇ ಹಿತ್ತಲಿನಲ್ಲಿ ಅದೇ ನೀರು ಕುಡಿದು, ಅದೇ ತಿಪ್ಪೆ ಕೆದಕುತ್ತಿದ್ದ ನಾಟಿ ಕೋಳಿಗಳು ಮೂವತ್ತಕ್ಕೂ ಹೆಚ್ಚಿದ್ದವು. ಅವುಗಳಲ್ಲಿ ಒಂದೂ ಸಾಯಲಿಲ್ಲ.

ಟರ್ಕಿಗಳು ನನ್ನ ಅಕ್ಕನವು. ನಾಟಿ ಕೋಳಿಗಳನ್ನು ಅವ್ವ ಮಾರಮ್ಮನಿಗೆ ಹರಕೆ ಬಿಟ್ಟಿದ್ದಳು.

ನಮ್ಮ ಊರು ಮದ್ದೂರಿನಿಂದ ಮಳವಳ್ಳಿ ಕಡೆಗೆ ನಾಲ್ಕು ಮೈಲಿ. ಆಗ ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಹದಿನೈದು ದಿನಕ್ಕೊಮ್ಮೆ ಶನಿವಾರದ ರೈಲಿಗೆ ಮದ್ದೂರಿಗೆ ಬಂದು, ಅಲ್ಲಿಂದ ನಡೆದು ಮನೆ ಸೇರುತ್ತಿದ್ದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಕೆಲವನ್ನು ನಾನೇ ಕಂಡಿದ್ದೇನೆ, ಕೆಲವನ್ನು ಅಕ್ಕ ಮತ್ತು ಅವ್ವನ ಬಾಯಿಂದ ಕೇಳಿದ್ದೇನೆ. ಇಬ್ಬರೂ ಒಂದೇ ರೀತಿ ಹೇಳಿದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಿದ ವರ್ಷ, 1938ರಲ್ಲಿ, ಅಕ್ಕನ ಮದುವೆಯಾಯಿತು. ನಾಲ್ಕು ವರ್ಷದ ಮೇಲೆ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ತಿಥಿ ಮುಗಿದ ತಿಂಗಳೊಳಗೆ ಅತ್ತೆ ಮನೆಯವರು ಅವಳನ್ನು ಗಾಡಿಯಲ್ಲಿ ಕೂರಿಸಿ ನಮ್ಮ ಮನೆ ಬಾಗಿಲಿಗೆ ತಂದು ಇಳಿಸಿ ಹೋದರು. ಅಪ್ಪ ಅದಾಗಲೇ ಇರಲಿಲ್ಲ. ಮನೆಯ ಯಜಮಾನಿಕೆ ನಮ್ಮಿಬ್ಬರಿಗೂ ಹಿರಿಯನಾದ ಅಣ್ಣನದು.

1943ರ ಆರಂಭದಲ್ಲಿ ಮಳವಳ್ಳಿಯ ಆಚೆಯ ಒಂದು ಊರಿನಿಂದ ಮಾತು ಬಂತು. ಗಂಡಿಗೆ ಐವತ್ತರ ಹತ್ತಿರ. ಹೆಂಡತಿ ಸತ್ತಿದ್ದಳು, ಮೂವರು ಮಕ್ಕಳಿದ್ದರು, ದನ ಕಟ್ಟುವವರಿರಲಿಲ್ಲ. ನಮ್ಮವರಲ್ಲಿ ಗಂಡ ಸತ್ತವಳನ್ನು ಮತ್ತೊಬ್ಬರಿಗೆ ಕೊಡುವುದಕ್ಕೆ ಸೀರುಡಿಕೆ ಎನ್ನುತ್ತಾರೆ. ಧಾರೆಯಿಲ್ಲ, ಹಸೆಯಿಲ್ಲ, ವಾಲಗವಿಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಸೀರೆ ಕೊಡುತ್ತಾರೆ, ಉಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಡಬೇಕು. ಹಾಗೆ ಹೋದವಳನ್ನು ಆಮೇಲೆ ಯಾರ ಮದುವೆಯಲ್ಲೂ ಚಪ್ಪರದೊಳಗೆ ಕರೆಯುವುದಿಲ್ಲ.

“ನಾನು ಓಗಾಕಿಲ್ಲ ಅಣ್ಣಯ್ಯ” ಎಂದಳು ಅಕ್ಕ.

“ಓಗ್ದೆ ಇಲ್ಲಿ ಏನ್ ಮಾಡೀಯೆ?”

“ದುಡ್ಕೊಂಡು ತಿಂತೀನಿ.”

“ಅದೇನ್ ದುಡಿದೀಯೋ ನೋಡಾನ ಬುಡು. ನಾಟಿ ಮಾಡೋಕೆ ಊರಲ್ಲಿ ಎಂಗಸ್ರೇ ಇಲ್ವಲ್ಲ, ನಿನ್ನೇ ಕಾಯ್ತಾವ್ರೆ.”

ಟರ್ಕಿಗಳನ್ನು ತಂದವನು ನಾನು. ಮಂಡ್ಯದ ಗುತ್ತಲು ಕಡೆಯ ಒಂದು ಬಂಗಲೆಯಲ್ಲಿದ್ದ ಇಂಗ್ಲಿಷ್ ಇಂಜಿನಿಯರೊಬ್ಬ ಯುದ್ಧದ ಕೆಲಸಕ್ಕೆ ವರ್ಗವಾಗಿ ಹೋದ. ಅವನ ಅಡಿಗೆಯವನು ನನಗೆ ಪರಿಚಯ. ಉಳಿದುಹೋದ ಒಂದು ಗಂಡು, ಮೂರು ಹೆಣ್ಣು ಟರ್ಕಿಗಳನ್ನು ಕೇಳುವವರಿಲ್ಲ, ಬೇಕಾದರೆ ಒಯ್ಯಿ ಎಂದ. ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಒಬ್ಬ ಕಂತ್ರಾಟುದಾರ ಪ್ರತಿ ಡಿಸೆಂಬರಿನಲ್ಲಿ ದೊರೆಗಳ ಕ್ರಿಸ್‌ಮಸ್ ಊಟಕ್ಕೆ ಇವುಗಳನ್ನು ಹುಡುಕಿಕೊಂಡು ಬರುತ್ತಾನೆಂದೂ, ಇಪ್ಪತ್ತಕ್ಕೆ ಕಡಿಮೆಯಿದ್ದರೆ ಅವನು ಗಾಡಿ ಕಳಿಸುವುದಿಲ್ಲವೆಂದೂ ಹೇಳಿದ.

ಮಂಕರಿಗಳಲ್ಲಿ ಕಟ್ಟಿ ತಂದ ಹಕ್ಕಿಗಳನ್ನು ಬೀದಿಯಲ್ಲಿ ಇಳಿಸಿದಾಗ ಊರು ನೆರೆಯಿತು.

“ಲೇ, ಇದ್ಯಾವ್ ಜಾತಿ ಅಕ್ಕೀನ್ಲಾ? ಮೂಗಿಂದ ಕರುಳು ನೇತಾಕ್ಕೊಂಡದಲ್ಲ!” ಎಂದ ಒಬ್ಬ ಮುದುಕ.

“ದೊರೆಗಳ ಕೋಳಿ ಕಣಜ್ಜ. ಸಿಳ್ಳೆ ಒಡಿ, ಸಲಾಮ್ ಒಡೀತದೆ” ಎಂದ ಪಕ್ಕದವನು.

ಮುದುಕನ ಬಾಯಲ್ಲಿ ಹಲ್ಲಿರಲಿಲ್ಲ. ಆದರೂ ಹೇಗೋ ಸಿಳ್ಳೆ ಹಾಕಿದ. ಗಂಡು ಟರ್ಕಿ ಕತ್ತು ಚಾಚಿ ಗುಳುಗುಳು ಎಂದು ಉತ್ತರ ಕೊಟ್ಟಿತು. ಅದರ ತಲೆ ನೀಲಿಯಿದ್ದದ್ದು ಕೆಂಪಾಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಣ್ಣನೂ ನಕ್ಕ. ನಗುತ್ತಲೇ ಎಲ್ಲರ ಮುಂದೆ ಮಾತು ಕೊಟ್ಟ:

“ಮುಂದಿನ್ ವರ್ಸದ ಕ್ರಿಸ್‌ಮಸ್ ಗಂಟ ಟೈಮ್ ಕೊಟ್ಟಿವ್ನಿ ಕಣಮ್ಮಿ. ದಂಡಿನೋನು ಬಂದು ಅಕ್ಕಿಗಳ್ನ ಒತ್ಕೊಂಡೋದ್ರೆ ನೀನು ಇಲ್ಲೇ ಇರು, ಯಾರೂ ಕೇಳಾಕಿಲ್ಲ. ಬರ್ಲಿಲ್ವಾ, ಸೀರೆ ತಕ್ಕೊಂಡು ಮಳ್ವಳ್ಳಿ ದಾರಿ ಇಡಿ.”

ಅಕ್ಕ ತಲೆಯಾಡಿಸಿದಳು.

ನಾಲೆಯ ಬದಿಗೆ ನಮ್ಮದೊಂದು ಅರ್ಧ ಎಕರೆ ಬೋರೆ ಇತ್ತು. ನೀರು ಹತ್ತದ ದಿಬ್ಬವಾದ್ದರಿಂದ ಯಾರೂ ಉಳುತ್ತಿರಲಿಲ್ಲ. ಅಕ್ಕ ಟರ್ಕಿಗಳನ್ನು ಅಲ್ಲಿಗೆ ಒಯ್ದಳು. ಕಾರೆಮುಳ್ಳಿನ ಬೇಲಿ ಕಟ್ಟಿದಳು. ಮೊದಲ ತಿಂಗಳುಗಳಲ್ಲಿ ಬೆಳಗ್ಗೆ ಹೋಗಿ ಸಂಜೆಗೆ ಮನೆಗೆ ಬರುತ್ತಿದ್ದಳು.

ಮುಂಗಾರು ಹಿಡಿಯುವ ಹೊತ್ತಿಗೆ ಮೊಟ್ಟೆ ಬಂದವು. ನಮ್ಮ ಕಡೆ ಯಾವ ಮೊಟ್ಟೆಯನ್ನಾದರೂ ನಂಬಿಕೆಯ ಹೇಂಟೆಯೊಂದರ ಕೆಳಗೆ ಇಡುವುದು ರೂಢಿ. ಬಾತಿನ ಮೊಟ್ಟೆಯನ್ನೂ ಹಾಗೆಯೇ ಮರಿ ಮಾಡಿಸುತ್ತಾರೆ. ಅಕ್ಕ ಮನೆಗೆ ಬಂದು ಅವ್ವನ ಹತ್ತಿರ ಕಾವಿಗೆ ಕೂತ ಒಂದು ಹೇಂಟೆ ಕೇಳಿದಳು. ಅವ್ವ ಕೊಡಲಿಲ್ಲ.

ಅದಕ್ಕೆ ಕಾರಣವಿತ್ತು. ಆ ಬೇಸಿಗೆಯಲ್ಲಿ ಅಣ್ಣನ ನಾಲ್ಕು ವರ್ಷದ ಮಗನಿಗೆ ಮೈಮೇಲೆ ಅಮ್ಮ ಎದ್ದಿತ್ತು. ಕಣ್ಣಿನ ರೆಪ್ಪೆಯ ಮೇಲೂ ಬೊಕ್ಕೆಗಳಾಗಿದ್ದವು. ಮಗುವಿನ ಕಣ್ಣು ಉಳಿದರೆ ಮನೆಯ ಕೋಳಿಗಳೆಲ್ಲ ನಿನ್ನವೇ ಎಂದು ಅವ್ವ ಮಾರಮ್ಮನಿಗೆ ಹರಕೆ ಹೊತ್ತಳು. ಕಣ್ಣು ಉಳಿಯಿತು. ಹರಕೆಯ ಕೋಳಿಯನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ನೆಂಟರು ಬಂದರೂ ಕೊಯ್ಯುವಂತಿಲ್ಲ, ಮನೆಯ ಬೇಲಿ ದಾಟಿಸುವಂತಿಲ್ಲ. ಮೂರು ವರ್ಷಕ್ಕೊಮ್ಮೆ ನಡೆಯುವ ಊರಮ್ಮನ ಹಬ್ಬದ ದಿನ ಎಲ್ಲವನ್ನೂ ಅವಳ ಮುಂದೆಯೇ ಕೊಯ್ಯಬೇಕು. ಆ ಹಬ್ಬ 1945ರಲ್ಲಿತ್ತು. ಹರಕೆ ಹೊತ್ತಾಗ ಕೋಳಿಗಳಿದ್ದದ್ದು ಒಂಬತ್ತು. ಆಮೇಲೆ ಒಡೆದ ಮರಿಗಳನ್ನೂ ಅವ್ವ ಹರಕೆಗೇ ಸೇರಿಸಿದಳು. ಅಣ್ಣ ಒಮ್ಮೆ ತಕರಾರು ಮಾಡಿದಾಗ, “ತಾಯಿ ಅಮ್ಮಂದಾದ್ರೆ ಮರಿ ಯಾರ್ದು ಏಳು, ನಿಮ್ಮಪ್ಪಂದಾ?” ಎಂದು ಬಾಯಿ ಮುಚ್ಚಿಸಿದಳು.

ಹೇಂಟೆ ಸಿಗದಿದ್ದುದರಿಂದ ಟರ್ಕಿಗಳೇ ಕಾವಿಗೆ ಕೂತವು. ಇಪ್ಪತ್ತೊಂದನೆಯ ದಿನ ಅವ್ವ ಬೋರೆಗೆ ಹೋದಳು. ಒಂದು ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

“ಕೊಳ್ತವೆ ಕಣಮ್ಮಿ. ಇಪ್ಪತ್ತೊಂದಕ್ಕೆ ಆಗ್ದಿರೋ ಮರಿ ಇನ್ಯಾವಾಗ ಆದಾತು? ತಿಪ್ಪೆಗೆಸಿ.”

“ಆ ಅಕ್ಕಿ ಇನ್ನೂ ಎದ್ದಿಲ್ಲ ಕಣವ್ವ. ಅದು ಏಳೋ ಗಂಟ ನಾನೂ ಏಳಾಕಿಲ್ಲ.”

“ನೀನೂ ಕಾವಿಗೆ ಕುಂತ್ಕೊ ಅಂಗಾದ್ರೆ.”

ಇಪ್ಪತ್ತೆಂಟನೆಯ ದಿನ ಮೊಟ್ಟೆಗಳು ಒಡೆದವು. ಅಷ್ಟು ದಿನ ಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಹಳೆಯ ಮಡಕೆಗಳಿಗೆ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ ಬೋರಲು ಹಾಕಿಡುತ್ತಿದ್ದಳು. ಬೆಳಗ್ಗೆ ಎತ್ತಿದರೆ ತುಂಬ ಗೆದ್ದಲು. ಮರಿಗಳು ಅದನ್ನು ತಿಂದು ಬೆಳೆದವು. ಮೇಲೆ ರಾಗಿ ನುಚ್ಚು, ಹೆಚ್ಚಿದ ಈರುಳ್ಳಿ ಸೊಪ್ಪು. ಟರ್ಕಿ ಮರಿಯಷ್ಟು ದಡ್ಡ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ. ಕಾಳು ಕಾಲಕೆಳಗಿದ್ದರೂ ಹಸಿದು ನಿಂತಿರುತ್ತದೆ. ಅಕ್ಕ ಬೆರಳಿನಿಂದ ನೆಲ ಕುಟ್ಟಿ ಕುಟ್ಟಿ ಒಂದೊಂದಕ್ಕೂ ತಿನ್ನುವುದು ಕಲಿಸಿದಳು. ಅವಳ ತೋರುಬೆರಳಿನ ತುದಿ ಗಡುಸಾಗಿತ್ತು. ನರಿ ಒಂದು ಸಲ ಮೂರು ಮರಿಗಳನ್ನು ಎತ್ತಿಕೊಂಡು ಹೋದ ಮೇಲೆ ಅವಳು ಬೋರೆಯ ಮೇಲೆಯೇ ಗುಡಿಸಲು ಹಾಕಿಕೊಂಡು ಇರತೊಡಗಿದಳು. ರೋಗದಿಂದ ಸತ್ತ ಮರಿ ಒಂದೂ ಇರಲಿಲ್ಲ. 1944ರ ಆಗಸ್ಟ್ ಹೊತ್ತಿಗೆ, ಎರಡು ಮುಂಗಾರಿನ ಮರಿಗಳೂ ಹಳೆಯ ನಾಲ್ಕೂ ಸೇರಿ, ಅವಳ ಹತ್ತಿರ ಇಪ್ಪತ್ತೇಳು ಟರ್ಕಿಗಳಿದ್ದವು. ದಂಡಿನ ಕಂತ್ರಾಟುದಾರ ಡಿಸೆಂಬರ್ ಎರಡನೆಯ ವಾರ ಬರುವುದಾಗಿ ಅಡಿಗೆಯವನ ಮೂಲಕ ಹೇಳಿ ಕಳಿಸಿದ.

ಸೆಪ್ಟೆಂಬರಿನಲ್ಲಿ, ಗೌರಿ ಹಬ್ಬ ಕಳೆದ ಮೇಲೆ ನಾನು ಊರಿಗೆ ಹೋಗಿದ್ದಾಗ, ಅಣ್ಣ ಊಟದ ನಡುವೆ ಮಾತು ತೆಗೆದ.

“ನಾಳಿದ್ದು ಆ ಅಕ್ಕಿಗಳ್ನೆಲ್ಲಾ ಇತ್ಲಿಗೆ ಒಡ್ಕೊಂಡು ಬಾ. ಗುಡ್ಲು ಕಿತ್ತಾಕುಸ್ತೀನಿ.”

“ಯಾಕಣ್ಣಯ್ಯ?”

“ಯಾಕೆ ಅಂದ್ರೆ? ಒಂಟಿ ಎಂಗ್ಸು ಒಲದಲ್ಲಿ ಮಲ್ಗಿದ್ರೆ ಊರೋರ ಬಾಯಿಗೆ ಬೀಗ ಆಕಾಕಾಯ್ತದಾ? ಮಳ್ವಳ್ಳಿಯೋರ ಕಿವಿಗೂ ಬಿದ್ದದೆ.”

“ಇನ್ ಮೂರು ತಿಂಗ್ಳು ಕಣಣ್ಣಯ್ಯ.”

“ಮೂರು ತಿಂಗ್ಳು ಇತ್ಲಲ್ಲೇ ಸಾಕು. ಇಲ್ಲೇನು ಕೋಳಿ ಬದುಕ್ತಾ ಇಲ್ವಾ?”

ನಾನು ಇಲ್ಲಿ ಬಾಯಿ ಹಾಕಿದೆ. ಅದೇ ಜುಲೈನಲ್ಲಿ ಪತ್ರಿಕೆಗೆ ಒಂದು ಸರಕಾರಿ ಕರಪತ್ರ ಬಂದಿತ್ತು, ಟರ್ಕಿ ಸಾಕಣೆಯ ಮೇಲೆ. ಅದನ್ನು ಕನ್ನಡಕ್ಕೆ ಇಳಿಸಿದವನು ನಾನೇ. ಕೊನೆಯ ವಾಕ್ಯ, ಟರ್ಕಿಗಳನ್ನು ಕೋಳಿಗಳ ಜೊತೆ ಒಂದೇ ನೆಲದಲ್ಲಿ ಸಾಕಬಾರದು ಎಂದಿತ್ತು. ಯುದ್ಧಕಾಲದಲ್ಲಿ ಕಾಗದಕ್ಕೆ ಕಡಿವಾಣವಿತ್ತು. ಅಂಕಣಕ್ಕೆ ಎರಡು ಸಾಲು ಹೆಚ್ಚಾಗಿ, ನಾನು ಆ ವಾಕ್ಯ ಹೊಡೆದುಹಾಕಿ ಅಚ್ಚಿಗೆ ಕೊಟ್ಟಿದ್ದೆ. ಸುದ್ದಿಯನ್ನು ಬಾಲದಿಂದ ಕತ್ತರಿಸುವುದು ನಮ್ಮ ಕೆಲಸದ ಪದ್ಧತಿ. ವಾಕ್ಯ ನೆನಪಿತ್ತು. ಅಣ್ಣನಿಗೆ ಹೇಳಿದೆ.

“ಯಾಕಂತೆ?” ಎಂದ ಅಣ್ಣ.

ಕರಪತ್ರದಲ್ಲಿ ಕಾರಣ ಕೊಟ್ಟಿರಲಿಲ್ಲ. ನನಗೆ ಗೊತ್ತಿರಲಿಲ್ಲ.

“ಗೊತ್ತಿಲ್ಲ” ಎಂದೆ.

“ಗೊತ್ತಿಲ್ದಿದ್ದನ್ನ ಪೇಪರ್‌ನಲ್ಲಿ ಬರ್ಕೊ ಓಗು. ಊಟದ ಮುಂದೆ ಬ್ಯಾಡ.”

ಅಕ್ಕ ನನ್ನ ಮುಖ ನೋಡಿದಳು. ನಾನು ಇನ್ನೇನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳು. ಹೇಳುವುದಕ್ಕೆ ನನ್ನ ಹತ್ತಿರ ಆಧಾರವಿರಲಿಲ್ಲ. ನಾನು ಅನ್ನ ಕಲಸಿದೆ.

ಟರ್ಕಿಗಳು ಹಿತ್ತಲಿಗೆ ಬಂದವು. ಸುಮಾರು ಒಂದೂವರೆ ವರ್ಷದಿಂದ ಒಂದು ಕೋಳಿಯೂ ಹೊರಗೆ ಹೋಗದ ಹಿತ್ತಲು ಅದು. ನೆಲದ ಮೇಲೆ ಹಿಕ್ಕೆ ಬೀಳದ ಜಾಗವಿರಲಿಲ್ಲ. ಹಕ್ಕಿಗಳು ಮೊದಲ ವಾರ ಕಾದಾಡಿ, ಆಮೇಲೆ ಒಂದಾದವು. ಟರ್ಕಿಗಳು ಕೋಳಿಗಳ ಹಿಂದೆ ಹೋಗಿ ಅವು ಕೆದಕಿದಲ್ಲೇ ಕೆದಕತೊಡಗಿದವು. ಅಕ್ಕನಿಗೆ ಅದು ನೋಡಲು ಚೆನ್ನಾಗಿತ್ತಂತೆ. ಅವುಗಳ ದಡ್ಡತನ ಹೋಯಿತು ಎಂದುಕೊಂಡಳಂತೆ.

ಇತ್ತ ಅಣ್ಣ ಗುಡಿಸಲು ಕಿತ್ತ ಮರುದಿನವೇ ಬೋರೆಗೆ ಆಳು ಹಚ್ಚಿ ದಿಬ್ಬ ಕಡಿಸಿ ಮಟ್ಟ ಮಾಡಿಸಿದ. ನಾಲೆಯ ನೀರು ಹತ್ತಿತು. ಕಬ್ಬಿನ ಬಿತ್ತನೆ ಹಾಕಿಸಿದ. ಊರಿನವರ ಮಾತಿಗೆ ಹೆದರಿ ಗುಡಿಸಲು ಕಿತ್ತನೋ, ಕಬ್ಬಿಗಾಗಿ ಕಿತ್ತನೋ, ಖಚಿತವಾಗಿ ಹೇಳಲಾರೆ. ಆಳುಗಳಿಗೆ ಅವನು ಗೌರಿ ಹಬ್ಬಕ್ಕೆ ಮೊದಲೇ ಹೇಳಿಟ್ಟಿದ್ದ ಎಂಬುದು ಮಾತ್ರ ನಿಜ. ಅವರಲ್ಲೇ ಒಬ್ಬ ನನಗೆ ಹೇಳಿದ.

ಅಕ್ಟೋಬರ್ ಕೊನೆಗೆ ಬೋರೆಯಲ್ಲಿ ಹುಟ್ಟಿದ ಟರ್ಕಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು. ಹಿಕ್ಕೆ ಅರಿಶಿನ ಕದಡಿದ ನೀರಿನಂತೆ ಹಳದಿಯಾಯಿತು. ಮೂರನೆಯ ದಿನಕ್ಕೆ ಸಾಯತೊಡಗಿದವು. ಆರು ಸತ್ತ ಮೇಲೆ ಅಕ್ಕ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಮದ್ದೂರಿಗೆ ನಡೆದಳು. ನಾನು ಆ ಶನಿವಾರ ರೈಲಿಳಿದು ಬರುವಾಗ ಅವಳು ಪಶುವೈದ್ಯಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅಲ್ಲಿನ ಇನ್‌ಸ್ಪೆಕ್ಟರು ವಯಸ್ಸಾದವರು, ಸಮಾಧಾನಿ. ಹಕ್ಕಿಯನ್ನು ಕಲ್ಲಿನ ಮೇಲಿಟ್ಟು ಸೀಳಿದರು. ಪಿತ್ತಜನಕಾಂಗದ ಮೇಲೆ ಗುಂಡಗೆ, ನಡುವೆ ತಗ್ಗಾದ, ಹಳದಿ ಹಸಿರಿನ ಮಚ್ಚೆಗಳಿದ್ದವು.

“ಮನೇಲಿ ಕೋಳಿ ಇದಾವೇನಮ್ಮ?”

“ಅವೆ ಸ್ವಾಮಿ.”

“ಚೆನ್ನಾಗಿದಾವಾ?”

“ಕಲ್ಲು ತಿಂದ್ ಕರುಗುಸ್ತವೆ.”

“ಇರ್ತಾವೆ. ಕೋಳಿ ಹೊಟ್ಟೆ ಹುಳದಲ್ಲಿ ಈ ರೋಗ ಇರುತ್ತೆ. ಕೋಳಿಗೆ ಬಾಧೆ ಇಲ್ಲ. ಅದರ ಹಿಕ್ಕೆ ಬಿದ್ದ ನೆಲದಲ್ಲಿ ಟರ್ಕಿ ಮೇಯ್ದರೆ ಅದು ಉಳಿಯೋಲ್ಲ. ಔಷಧಿ ನನ್ನ ಹತ್ತಿರ ಇಲ್ಲ. ಉಳಿದವನ್ನ ಕೋಳಿ ಓಡಾಡದ ನೆಲಕ್ಕೆ ಹಾಕು. ಇವತ್ತೇ ಹಾಕು. ಆಗದಿದ್ದರೆ ಕೋಳಿಗಳನ್ನಾದರೂ ಆಚೆ ಹಾಕು, ಮೇಲಿನ ಮಣ್ಣು ಕೆತ್ತಿ ತೆಗೆ. ನಾಲ್ಕಾದರೂ ಹೆಚ್ಚು ಉಳಿದಾವು.”

ಅಣ್ಣ ಕೇಳಿದ್ದ ಕಾರಣ ನನಗೆ ಸಿಕ್ಕಿದ್ದು ಹೀಗೆ, ಎಂಟು ವಾರ ತಡವಾಗಿ.

ದಾರಿಯಲ್ಲಿ ಅಕ್ಕ ಒಂದೇ ಲೆಕ್ಕ ಹಾಕುತ್ತಿದ್ದಳು. ಇಪ್ಪತ್ತೇಳರಲ್ಲಿ ಹೋದದ್ದು ಆರು, ಉಳಿದದ್ದು ಇಪ್ಪತ್ತೊಂದು, ಇನ್ನೊಂದು ಹೋದರೂ ದಂಡಿನವನು ಬರುತ್ತಾನೆ. ಕೋಳಿ ಓಡಾಡದ ನೆಲವೆಂದು ನಮಗಿದ್ದದ್ದು ಬೋರೆ. ಅಲ್ಲಿ ಕಬ್ಬಿನ ಮೊಳಕೆ ಎದ್ದಿತ್ತು. ಅಣ್ಣನನ್ನು ಕೇಳುವುದೇ ಬೇಡವೆಂದು ಅವಳು ನೇರ ಅವ್ವನ ಹತ್ತಿರ ಹೋದಳು.

“ಅವ್ವ, ಕೋಳಿಗಳ್ನ ಒಂದ್ ತಿಂಗ್ಳು ಬೇಲಿ ಆಚೆ ಇಕ್ಕಾನ. ಗುಡಿ ಇಂದೆ ಕಟ್ಟಾಕಾನ. ಅಮ್ಮನ ಕಣ್ಮುಂದೇ ಇರ್ತವೆ. ನಾನೇ ಕಾಯ್ತೀನಿ.”

“ಬಾಯಿ ಮುಚ್ಚು.”

“ಇಪ್ಪತ್ತು ಉಳುದ್ರೆ ಸಾಕು ಕಣವ್ವ. ನಿನ್ ಕಾಲಿಗ್ ಬೀಳ್ತೀನಿ.”

“ಬೇಲಿ ದಾಟ್ಸಾಕಿಲ್ಲ ಅಂತ ಏಳಿ ಅರಕೆ ಒತ್ತಿವ್ನಿ ಕಣೆ. ಮೊಮ್ಮಗನ ಕಣ್ಣು ಅವ್ಳು ವಾಪಸ್ ಕಿತ್ಕೊಂಡ್ರೆ ನಿನ್ ಕಣ್ಣು ಕೊಟ್ಟೀಯಾ?”

ಮಗು ಅಲ್ಲೇ ಹೊಸ್ತಿಲ ಮೇಲೆ ಕೂತು ಕಡಲೆ ತಿನ್ನುತ್ತಿತ್ತು. ಅಕ್ಕ ಅದರ ಕಡೆ ನೋಡಿ ಕೊಟ್ಟಿಗೆಯತ್ತ ನಡೆದಳು. ನಾನು ಇನ್‌ಸ್ಪೆಕ್ಟರ ಮಾತನ್ನು ಒಂದಕ್ಷರ ಬಿಡದೆ ಅವ್ವನಿಗೆ ಹೇಳಿದೆ. ಅವ್ವ ಕೇಳಿಸಿಕೊಂಡು, “ಅಮ್ಮನ ಕೋಳಿ ನಡುವೆ ದೊರೆ ಕೋಳಿ ತಂದು ಬುಟ್ರೆ ಅವ್ಳು ಇನ್ನೇನ್ ಮಾಡಾಳು? ತಂದೋನು ನೀನೇ ಅಲ್ವಾ” ಎಂದಳು. ಟರ್ಕಿಗಳ ಸಾವಿಗೆ ಕಾರಣ ನಾಟಿ ಕೋಳಿಗಳೇ ಎಂಬುದರಲ್ಲಿ ಅವ್ವನಿಗೂ ಇನ್‌ಸ್ಪೆಕ್ಟರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಅಕ್ಕ ಕೊಟ್ಟಿಗೆಯಲ್ಲಿ ಸುಣ್ಣ ಬಳಿದು ಟರ್ಕಿಗಳನ್ನು ಕೂಡಿ ಹಾಕಿದಳು. ಬಾಗಿಲಿಗೆ ತಟ್ಟಿ ಕಟ್ಟಿದಳು. ರೋಗ ಆಗಲೇ ಒಳಗಿತ್ತು. ಸೋಮವಾರ ನಾನು ಕೆಲಸಕ್ಕೆ ಮರಳಿದೆ. ಮುಂದಿನ ಸಲ ಹೋಗುವಷ್ಟರಲ್ಲಿ ಉಳಿದಿದ್ದವು ನಾಲ್ಕು: ಗುತ್ತಲಿನಿಂದ ತಂದ ಹಳೆಯ ಗಂಡು, ಅದರ ಜೊತೆ ಬಂದ ಮೂರು ಹೆಣ್ಣು. ಕಂತ್ರಾಟುದಾರನಿಗೆ ನಾನೇ ಕಾಗದ ಬರೆದೆ. ಅವನು ಗಾಡಿ ಕಳಿಸಲಿಲ್ಲ.

1945ರ ಜನವರಿಯಲ್ಲಿ, ಸಂಕ್ರಾಂತಿ ಕಳೆದು, ಮಳವಳ್ಳಿ ಕಡೆಯವರು ಐದು ಜನ ಮಾತು ಮುಗಿಸಲು ಬಂದರು. ನೆಂಟರಿಗೆ ಬಾಡೂಟ ಹಾಕಬೇಕು. ಹಿತ್ತಲ ತುಂಬ ಕೋಳಿಗಳಿದ್ದವು, ಒಂದನ್ನೂ ಮುಟ್ಟುವಂತಿರಲಿಲ್ಲ. ಅಣ್ಣ ಹಳೆಯ ಗಂಡು ಟರ್ಕಿಯನ್ನು ಹಿಡಿದು ಕೊಯ್ದ. ಮಸಾಲೆ ಅರೆದವಳು ಅಕ್ಕ. ನಾನೂ ಪಂಕ್ತಿಯಲ್ಲಿ ಕೂತಿದ್ದೆ. ಅಕ್ಕನ ಗಂಡನಾಗಲಿದ್ದವನು ತುಂಡೊಂದನ್ನು ಬಹಳ ಹೊತ್ತು ಅಗಿದು ಹೇಳಿದ:

“ಬಾಡು ವಸಿ ಗಟ್ಟಿ ಕಣಪ್ಪ. ಇದ್ಯಾಕೆ ಇನ್ನೂ ಬೆಂದಿಲ್ಲ?”

“ವಯಸ್ಸಾಗದೆ” ಎಂದ ಅಣ್ಣ.

ಬಂದವರಲ್ಲಿ ಒಬ್ಬ, “ಯಾರ್ಗೆ?” ಎಂದ. ಎಲ್ಲರೂ ನಕ್ಕರು. ಒಳಗೆ ಒನಕೆ ಸದ್ದು ನಿಂತು, ಮತ್ತೆ ಶುರುವಾಯಿತು.

ಫೆಬ್ರವರಿಯ ಒಂದು ಗುರುವಾರ, ದೀಪ ಹಚ್ಚಿದ ಮೇಲೆ, ಅಕ್ಕ ಅವರು ತಂದ ಸೀರೆ ಉಟ್ಟು ಹಿತ್ತಲ ಬಾಗಿಲಿಂದ ಹೊರಟಳು. ದಾರಿಗೆ ಅಡ್ಡ ಬಂದ ಕೋಳಿಗಳನ್ನು ಅವ್ವ ಸೆರಗಿನಿಂದ ಅಟ್ಟಿದಳು. ಉಳಿದ ಮೂರು ಟರ್ಕಿಗಳನ್ನು ಅಕ್ಕ ಒಯ್ಯಲಿಲ್ಲ. ಅವನ್ನು ಅಣ್ಣ ಮದ್ದೂರಿನ ಒಬ್ಬ ಸಾಬರಿಗೆ ಕೊಟ್ಟ. ಅದಾದ ಹತ್ತು ವಾರಕ್ಕೆ ಊರಮ್ಮನ ಹಬ್ಬ ಬಂದು, ಒಂದೇ ಬೆಳಗ್ಗೆ ಹಿತ್ತಲಿನ ಕೋಳಿಗಳೆಲ್ಲ ಮುಗಿದವು.

1946ರ ಮೇ ತಿಂಗಳಲ್ಲಿ ನಾನು ಅವಳನ್ನು ನೋಡಲು ಹೋದೆ. ಮಳವಳ್ಳಿಯಲ್ಲಿ ಬಸ್ಸಿಳಿದು ಐದು ಮೈಲಿ ನಡೆಯಬೇಕು. ಅವಳು ದನದ ಕೊಟ್ಟಿಗೆ ಗುಡಿಸುತ್ತಿದ್ದಳು. ಕೈ ತೊಳೆದು ಮಜ್ಜಿಗೆ ತಂದುಕೊಟ್ಟಳು. ಪತ್ರಿಕೆಯಲ್ಲಿ ನಾನು ಆ ವಾಕ್ಯ ಹೊಡೆದುಹಾಕಿದ್ದನ್ನು ಅವತ್ತು ಅವಳಿಗೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

“ಅದ್ ಬುಡು. ನಿನ್ ಪೇಪರ್ ನಾನೇನ್ ಓದ್ತಿದ್ನಾ” ಎಂದಳು. ಪೊರಕೆ ಎತ್ತಿ ಮೂಲೆಗಿಟ್ಟು ಮತ್ತೆ ಹೇಳಿದಳು: “ಅಣ್ಣ ಯಾಕೆ ಅಂತ ಕೇಳ್ದಾಗ ಒಂದ್ ಸುಳ್ಳಾರ ಏಳ್ಬೌದಿತ್ತಲ್ಲಾ? ಓದ್ದೋನು ನೀನು. ಏನೇಳಿದ್ರೂ ನಂಬ್ತಿದ್ದ.”

ನಾನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ. ಬಸ್ಸಿಗೆ ಹೊತ್ತಾಯಿತು ಎಂದು ಅವಳೇ ಎಬ್ಬಿಸಿದಳು.

1947ರ ನವೆಂಬರಿನಲ್ಲಿ ಅವ್ವ ತೀರಿಕೊಂಡಳು. ಅಂದೇ ಆಳು ಕಳಿಸಿ ಅಕ್ಕನಿಗೆ ಹೇಳಿಸಿದೆವು. ಆಳು ಅವಳನ್ನು ಕಂಡು, ಸುದ್ದಿ ಮುಟ್ಟಿಸಿ, ಮರುದಿನ ಹಿಂದಿರುಗಿದ. ಹನ್ನೊಂದನೆಯ ದಿನದವರೆಗೆ ಕಾದೆವು. ಅವಳು ಬರಲಿಲ್ಲ.